ಅಣ್ಣನಿಗಾಗಿ ನಾನು ಕೇಳಿದ ಪ್ರಾರ್ಥನೆ

ಪ್ರಾರ್ಥನೆಗೆಂದು ಎಲ್ಲರೂ ಕಣ್ಣು ಮುಚ್ಚಿದಾಗ ನಮ್ಮ ಜಯಶೀಲಣ್ಣ ಮಾತ್ರ ತೆರೆದುಕೊಂಡೇ ಇರುತ್ತಿದ್ದ. ತಲೆ ಬಾಗಿಸುತ್ತಿದ್ದ, ಕೈ ಜೋಡಿಸುತ್ತಿದ್ದ, ಆಮೆನ್ ಅನ್ನುವುದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ನಾನೂ ನಡುನಡುವೆ ಕದ್ದು ನೋಡುತ್ತಿದ್ದುದರಿಂದ ಇದು ಗೊತ್ತು. ಒಮ್ಮೆ ಕೇಳಿದೆ. "ದೇವರೇನು ನಮ್ಮ ಜೋಡಿ ಕಣ್ಣಾಮುಚ್ಚಾಲಿ ಆಡಾಕ ಬಂದಾನೇನವಾ? ಯಾರ ಸಲುವಾಗಿ ಬೇಡಾಕತ್ತೀನೋ ಅವರ ಮಾರಿ ಕಾಣಬೇಕು ನನಗ" ಎಂದ.

ನಾವು ಧಾರವಾಡದ ಕಡೆಯ ಕ್ರೈಸ್ತರು. ಅವ್ವ ಹಾಸಿಗೆ ಹಿಡಿದಾಗ ನನ್ನ ಶಾಲೆ ಏಳನೆಯ ಇಯತ್ತೆಗೇ ನಿಂತಿತು. ಅಣ್ಣ ಓದಿದ, ಎಂ.ಎ. ಮಾಡಿದ, ಇತಿಹಾಸದ ಮೇಷ್ಟ್ರಾದ. ನಾನು ಮದುವೆಯಾಗಿ ನೈರೋಬಿಗೆ ಬಂದೆ. ನನ್ನ ಗಂಡ ಪಾರ್ಕ್‌ಲ್ಯಾಂಡ್ಸ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾರೆ. ನಾನು ನ್ಗಾರಾದ ಸಗಟು ಅಂಗಡಿಗಳಿಂದ ಬಟ್ಟೆ ತಂದು ಚರ್ಚುಗಳ ಗಾಯನ ತಂಡಗಳಿಗೆ ನಿಲುವಂಗಿ ಹೊಲಿಯುತ್ತೇನೆ. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನೂ ಇಲ್ಲಿಗೇ ಬಂದ. ವೆಸ್ಟ್‌ಲ್ಯಾಂಡ್ಸ್ ದಾಟಿದರೆ ಒಂದು ಬೈಬಲ್ ಕಾಲೇಜಿದೆ. ಅಮೆರಿಕದ ಸುವಾರ್ತಾ ಸಭೆಗಳ, ಅಂದರೆ ಅಲ್ಲಿಯ ಚರ್ಚುಗಳ, ನೆರವಿನಿಂದ ನಡೆಯುವಂಥದ್ದು. ಅಲ್ಲಿ ಅಮೆರಿಕದ ಸಭೆಗಳ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು. ವಾಸ, ಊಟ ನಮ್ಮ ಮನೆಯಲ್ಲೇ.

ಮರುದಿನದ ಪಾಠವನ್ನು ಹಿಂದಿನ ಸಂಜೆ ನನಗೆ ಹೇಳುವುದು ಅವನ ಪದ್ಧತಿ. ನಾನು ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದರೆ ಎದುರಿಗೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. "ನಿನಗ ತಿಳೀತಂದ್ರ ಹುಡುಗರಿಗೂ ತಿಳೀತದ. ನಡುವ ಸುಮ್ಮನ ಹೂಂ ಅಂದೀ ನೋಡ ಮತ್ತ!" ಹೂಂ ಅಂದದ್ದು ಸುಮ್ಮನೆಯೋ ತಿಳಿದೋ ಎಂಬುದು ಅವನಿಗೆ ತಕ್ಷಣ ಗೊತ್ತಾಗುತ್ತಿತ್ತು. ಮತ್ತೆ ಮೊದಲಿಂದ ಹೇಳುತ್ತಿದ್ದ. ಹೀಗಾಗಿ ಕಿತ್ತೂರಿನ ಕಥೆಗಿಂತ ಅಮೆರಿಕದ ಕಥೆಯೇ ನನಗೆ ಹೆಚ್ಚು ಗೊತ್ತು.

ಅವನ ಮೆಚ್ಚಿನ ಪಾಠ ಒಂದಿತ್ತು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ವರ್ಜೀನಿಯಾದಲ್ಲಿ ಸರ್ಕಾರಕ್ಕೆ ತನ್ನದೇ ಒಂದು ಚರ್ಚು ಇತ್ತು. ಪರವಾನಗಿ ಇಲ್ಲದೆ ಉಪದೇಶ ಮಾಡಿದರೆಂದು, ಅದಕ್ಕೆ ಸೇರದ ಬ್ಯಾಪ್ಟಿಸ್ಟ್ ಪಂಥದ ಬೋಧಕರನ್ನು ಹಿಡಿದು ಜೈಲಿಗೆ ಹಾಕುತ್ತಿದ್ದರು. ಅವರು ಜೈಲಿನ ಕಿಟಕಿಯ ಸರಳು ಹಿಡಿದು ಹೊರಗೆ ನಿಂತ ಜನರಿಗೆ ಉಪದೇಶ ಮಾಡುತ್ತಿದ್ದರಂತೆ. ಸರ್ಕಾರ ಬೇರೆ, ಸಭೆ ಬೇರೆ ಇರಲಿ ಎಂದು ಮುಂದೆ ಹೋರಾಡಿದವರಲ್ಲಿ ಅವರೂ ಇದ್ದರು. ಇಷ್ಟು ಹೇಳಿ ಅಣ್ಣ ನನ್ನ ಕತ್ತರಿಯನ್ನು ಕೈಯಿಂದ ತಡೆದು ಹೇಳುತ್ತಿದ್ದ: "ಕಿಟಕ್ಯಾಗ ನಿಂತು ಉಪದೇಶ ಮಾಡಿದವರ ಮರಿಮಕ್ಕಳು ಈಗ ಜೈಲಿನ ಕೀಲಿಕೈ ನಮಗ ಕೊಡ್ರಿ ಅನ್ನಾಕತ್ತಾರ. ನೋಡು, ಎಲ್ಲಿಂದ ಎಲ್ಲಿಗೆ!"

ಗುಲಾಮರಿಗೆ ಬೋಧಿಸುವಾಗ ಯಜಮಾನರ ಮಾತು ಕೇಳಬೇಕೆಂಬ ವಚನಗಳನ್ನೇ ಆರಿಸಿ ಓದುತ್ತಿದ್ದ ಬೋಧಕರ ಕಥೆಯನ್ನೂ ಹೇಳುತ್ತಿದ್ದ. ಆ ಗುಲಾಮರೇ ಕದ್ದು ಸೇರಿ ದಾಸ್ಯದಿಂದ ಬಿಡುಗಡೆಯ ಕಥೆಯಾದ ವಿಮೋಚನಕಾಂಡವನ್ನು ಹಾಡಾಗಿ ಹಾಡಿಕೊಂಡ ಕಥೆ ಬಂದಾಗ ಅವನ ದನಿ ಒಡೆಯುತ್ತಿತ್ತು. ಅವನಿಗೆ ಅಮೆರಿಕದ ಸಭೆಗಳ ಮೇಲೆ ದ್ವೇಷ ಇರಲಿಲ್ಲ. ದ್ವೇಷವಿದ್ದವನಿಗೆ ಹಾಗೆ ದನಿ ಒಡೆಯುವುದಿಲ್ಲ.

ಗಂಭೀರ ಮನುಷ್ಯನೇನಲ್ಲ. ಒಮ್ಮೆ ನ್ಗಾರಾಕ್ಕೆ ಹೋಗುವ ಮಟಾಟು, ಅಂದರೆ ಇಲ್ಲಿಯ ಬಾಡಿಗೆ ವ್ಯಾನು, ಹತ್ತಿದೆವು. ಒಳಗೆ ಯೇಸುಸ್ವಾಮಿಯ ಚಿತ್ರ, ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಅಮೆರಿಕದ ಒಬ್ಬ ರಾಜಕಾರಣಿಯ ಚಿತ್ರ. ಅಣ್ಣ ಕಂಡಕ್ಟರನನ್ನು ಕರೆದು, "ಇವರಿಬ್ಬರಲ್ಲಿ ಈ ಗಾಡಿ ಯಾರದಪ್ಪಾ?" ಎಂದು ಕೇಳಿದ. ಆತ, "ಮ್ವಾಲಿಮು, ಮೇಷ್ಟ್ರೇ, ಇಬ್ಬರೂ ಪೆಟ್ರೋಲು ಹಾಕಿಸೋದಿಲ್ಲ. ಅದಕ್ಕೇ ನೀವು ಚಾರ್ಜು ಕೊಡಿ" ಎಂದು ಕೈ ಚಾಚಿದ. ಆ ಮಾತನ್ನು ಅಣ್ಣ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕ.

ಆ ವರ್ಷ ಅಮೆರಿಕದಲ್ಲಿ ಚುನಾವಣೆ ಬಂತು. ನಮ್ಮ ಸಭೆಯಲ್ಲಿ ಅಲ್ಲಿಯ ಒಬ್ಬ ಅಭ್ಯರ್ಥಿ ಗೆಲ್ಲಲೆಂದು ಉಪವಾಸ ಶುರುವಾಯಿತು. ನಾನೂ ಹಿಡಿದೆ. ಅಲ್ಲಿಯ ಒಬ್ಬ ದೊಡ್ಡ ಬೋಧಕರ ಉಪದೇಶವನ್ನು ದಿನಾ ಬೆಳಿಗ್ಗೆ ಫೋನಿನಲ್ಲಿ ಕೇಳುತ್ತಿದ್ದೆ. ಆ ಅಭ್ಯರ್ಥಿಯನ್ನು ದೇವರೇ ಆರಿಸಿದ್ದಾನೆ ಎಂದು ಅವರು ಹೇಳಿದ್ದರು. ನಾನು ತಟ್ಟೆ ದೂಡಿದ್ದನ್ನು ಕಂಡು ಅಣ್ಣ ನಕ್ಕ.

"ನಿನಗಲ್ಲಿ ಓಟಿಲ್ಲ, ರೂತವ್ವಾ. ಹೊಟ್ಟಿ ಯಾಕ ಕಾಯಿಸ್ತೀ?"

"ದೇವರ ಕೆಲಸ ಅದು. ನಿನಗ ಎಲ್ಲಾ ನಗಿ."

"ಪ್ರಾರ್ಥನಾ ಮಾಡು, ಬ್ಯಾಡನ್ನಂಗಿಲ್ಲ. ಆಳಾವರ ಸಲುವಾಗಿ ಬೇಡಾಕ ಬೈಬಲ್ಲೇ ಹೇಳೇತಿ. ಆದ್ರ ಯೇಸುಸ್ವಾಮೀನ್ನ ಒಂದು ಪಕ್ಷದ ಚೀಟಿ ಮ್ಯಾಲ ಹಚ್ಚಬ್ಯಾಡ. ನಾಳೆ ಆ ಪಕ್ಷ ಸೋತ್ರ ಯಾರು ಸೋತಂಗಾತು?"

ನನಗೆ ಸಿಟ್ಟು ಬಂತು.

ಗುರುವಾರಗಳಂದು ನಮ್ಮ ಬೀದಿಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ಇರುತ್ತದೆ. ನಡೆಸುವವರು ಮಾಮಾ ಗ್ರೇಸ್, ಇಲ್ಲಿಯವರೇ, ತಾಯಿಯಂಥ ಹೆಂಗಸು. ಸುತ್ತ ಕೂತವರು ಒಬ್ಬೊಬ್ಬರಾಗಿ ತಮ್ಮ ಬೇಡಿಕೆ ಹೇಳಬೇಕು. ಒಬ್ಬಳಿಗೆ ಮಗನ ವೀಸಾ, ಇನ್ನೊಬ್ಬಳಿಗೆ ಗಂಡನ ಕುಡಿತ. ನನ್ನ ಸರದಿ ಬಂದರೆ ಮೊಣಕಾಲು ನೋವು, ಬಿಟ್ಟರೆ ಹೊಲಿಗೆ ಯಂತ್ರ. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆ ಗುರುವಾರ ನಾನು, "ನಮ್ಮ ಅಣ್ಣನಿಗಾಗಿ ಪ್ರಾರ್ಥಿಸಿ. ಅವನ ನಂಬಿಕೆ ತಣ್ಣಗಾಗಿದೆ. ಅಮೆರಿಕದ ನಾಯಕರಿಗಾಗಿ ಪ್ರಾರ್ಥಿಸುವುದು ಪಾಪ ಎಂದು ಕಾಲೇಜಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದಾನೆ" ಎಂದೆ.

ಅಣ್ಣ ಹಾಗೆ ಅಂದಿರಲಿಲ್ಲ. ಹೇಳುವಾಗಲೇ ನನಗೆ ಗೊತ್ತಿತ್ತು. ಆದರೆ ಎಲ್ಲರೂ ನನ್ನ ಕಡೆ ತಿರುಗಿದ್ದರು. ಮಾಮಾ ಗ್ರೇಸ್ ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. ನನಗೆ ಅದು ಹಿತವಾಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿತವಾಗಿದ್ದು ನಿಜ.

ಪ್ರಾರ್ಥನೆಯ ಬೇಡಿಕೆ ಒಂದು ಕೋಣೆಯಲ್ಲಿ ನಿಲ್ಲುವುದಿಲ್ಲ. ಹೆಚ್ಚು ಜನ ಬೇಡಿದಷ್ಟೂ ಒಳ್ಳೆಯದೆಂದು ಮಾಮಾ ಗ್ರೇಸ್ ಅದನ್ನು ಫೋನಿನಲ್ಲಿ ಇನ್ನೊಂದು ಗುಂಪಿಗೆ ಕಳಿಸಿದರು. ಅವರು ಮತ್ತೊಂದಕ್ಕೆ. ಕೆಡುಕು ಯಾರ ಮನಸ್ಸಿನಲ್ಲೂ ಇರಲಿಲ್ಲ. ಕೊನೆಗೆ ಅದು ಕಾಲೇಜಿಗೆ ನೆರವು ಕೊಡುವ ಅಮೆರಿಕದ ಸಭೆಯನ್ನೇ ಮುಟ್ಟಿತು. ಒಂದು ಸಂಜೆ ಅಣ್ಣ ಬೂಟು ಬಿಚ್ಚುತ್ತ, "ನನ್ನ ಸಲುವಾಗಿ ಅಮೆರಿಕಾದಾಗ ಪ್ರಾರ್ಥನಾ ನಡದಾವಂತ! ನಾ ಅಷ್ಟು ದೊಡ್ಡ ಮನಶ್ಯಾ ಆದದ್ದು ಯಾವಾಗ?" ಎಂದು ನಕ್ಕ. ನಾನು ಚಹಾ ಕಾಸಲು ಒಳಗೆ ಹೋದೆ.

ಮರುವಾರ ಕಾಲೇಜಿನ ಪ್ರಿನ್ಸಿಪಾಲರು ನನಗೇ ಫೋನ್ ಮಾಡಿದರು. ಇಲ್ಲಿಯವರು, ಮೃದು ಮಾತಿನವರು. "ಸಿಸ್ಟರ್ ರೂತ್, ನಿಮ್ಮ ಅಣ್ಣ ತಾವು ಹಾಗೆ ಕಲಿಸಿಲ್ಲ ಎನ್ನುತ್ತಾರೆ. ಮಾತು ಹುಟ್ಟಿದ್ದು ನಿಮ್ಮಿಂದ ಅಂತ ಜನ ಹೇಳುತ್ತಾರೆ. ನೀವು ಇಲ್ಲ ಅಂದರೆ ನಾನು ಅಮೆರಿಕದವರಿಗೆ ಹಾಗೇ ಬರೆಯುತ್ತೇನೆ. ನಿಮ್ಮ ಅಣ್ಣ ನಿಜವಾಗಿಯೂ ಹಾಗೆ ಹೇಳಿದರೇ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲ ಎಂದರೆ ಕೂಟದಲ್ಲಿ ನಾನು ಸುಳ್ಳುಗಾತಿ. ಮಾಮಾ ಗ್ರೇಸ್‌ಗೆ ಹೇಗೆ ಮುಖ ತೋರಿಸಲಿ? "ನನಗೆ ಅದೆಲ್ಲ ತಿಳಿಯುವುದಿಲ್ಲ ಸರ್. ನಾನು ಓದಿದವಳಲ್ಲ" ಎಂದೆ.

ಪ್ರಿನ್ಸಿಪಾಲರು "ಸವಾ, ಆಗಲಿ" ಎಂದು ಫೋನ್ ಇಟ್ಟರು.

ಇನ್ನು ಮುಂದೆ ರಾಜಕೀಯದ ಮಾತು ಬರುವ ಪಾಠಗಳನ್ನು ಬಿಟ್ಟುಬಿಡಿ ಎಂದು ಅಣ್ಣನಿಗೆ ಹೇಳಿದರಂತೆ. "ಹಂಗಾದ್ರ ಉಳಿಯೋದು ಹಾಡಿನ ಪುಸ್ತಕ ಅಷ್ಟ" ಎಂದು ಬಂದ. ಅವಧಿ ಮುಗಿದ ಮೇಲೆ ಕಾಲೇಜಿನವರು ಅವನ ಕೆಲಸ ಮುಂದುವರಿಸಲಿಲ್ಲ. ಕೆಲಸವಿಲ್ಲದಿದ್ದರೆ ಇಲ್ಲಿರುವ ಪರವಾನಗಿಯೂ ಇಲ್ಲ. ಧಾರವಾಡಕ್ಕೆ ಹೋಗಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡಿದ್ದ. ವರ್ಷ ತುಂಬುವುದರೊಳಗೆ ಎದೆನೋವು ಬಂದು ತೀರಿಕೊಂಡ. ಮಣ್ಣಿನ ಹೊತ್ತಿಗೆ ನನಗೆ ಹೋಗಿ ಮುಟ್ಟಲಾಗಲಿಲ್ಲ.

ನೈರೋಬಿಯಿಂದ ಹೊರಡುವ ದಿನದವರೆಗೂ ಅವನು ನನ್ನನ್ನು ಏನೂ ಕೇಳಲಿಲ್ಲ. ಪ್ರಾರ್ಥನೆಯ ಆ ಸಂದೇಶ ಅವನ ಫೋನಿಗೂ ಬಂದಿತ್ತು, ಅದರಲ್ಲಿ 'ನಮ್ಮ ಸಿಸ್ಟರ್ ರೂತ್ ಅವರ ಅಣ್ಣ' ಎಂದಿತ್ತು. ಇದು ನನಗೆ ತಿಳಿದದ್ದು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಗಂಡನ ಬಾಯಿಂದ. ಬಾಗಿಲ ಬಳಿ ಅಣ್ಣ ತಳ್ಳುಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ರೂತವ್ವಾ, ಪ್ರಾರ್ಥನಾ ಕೇಳಿದ್ದಕ್ಕ ಸಿಟ್ಟಿಲ್ಲ ನನಗ. ಮಂದಿ ಮುಂದ ಒಂದು ಮಾತು ಹೆಚ್ಚು ಹೇಳೂದು ಯಾರಿಗೆ ತಪ್ಪೇತಿ? ಆದ್ರ 'ನನಗ ತಿಳಿಯೂದಿಲ್ಲ' ಅಂದೀಯಂತಲ್ಲ ಪ್ರಿನ್ಸಿಪಾಲರ ಮುಂದ, ಅದನ್ನ ಇನ್ನೊಮ್ಮೆ ಯಾರ ಮುಂದೂ ಅನಬ್ಯಾಡ. ನಾ ಕಲಿಸಿದವರೊಳಗ ನಿನ್ನಷ್ಟು ತಿಳಕೊಂಡವರು ಯಾರೂ ಇಲ್ಲ."

ತಪ್ಪಾಯಿತು ಅಣ್ಣಾ ಎನ್ನಬೇಕಿತ್ತು. ಹೂಂ ಅಂದೆ. ಟಿಕೆಟ್ ಇಲ್ಲದವರು ಹಿಂದೆ ಸರಿಯಿರಿ ಎಂದು ಕಾವಲಿನವನು ಕೈ ಬೀಸಿದ. ಸರಿದು ನಿಂತೆ.