ಗಾಡಿಯ ಕಣ್ಣಿಗೆ ಮೆತ್ತಿದ ಗಂಧ

ತಂಗಿಯ ಮನೆಯ ಹೊಸ ಗಾಡಿ ಚೆನ್ನಾಗಿಲ್ಲ ಅಂತ ಹೇಳಬೇಕು ಅಂದುಕೊಂಡೇ ನಾನು ವಿಜಯವಾಡದಲ್ಲಿ ರೈಲು ಹತ್ತಿದ್ದು. ಗಾಡಿ ಇನ್ನೂ ನೋಡಿರಲಿಲ್ಲ.

ಗಾಡಿ ಅಂದರೆ ಕಾರು, ತಂಗಿಯ ಮಗಳದ್ದು. ವಿಶಾಖಪಟ್ಟಣದಲ್ಲಿ ಹಲ್ಲಿನ ಡಾಕ್ಟರು ಅವಳು. ತಂಗಿಯ ಗಂಡ ತೀರಿಹೋದ ಮೇಲೆ ಅಲ್ಲೇ ಋಷಿಕೊಂಡದ ಹತ್ತಿರ ತಾಯಿ ಮಗಳು ಇಬ್ಬರೇ ಇದ್ದಾರೆ. ಹೋದ ವರ್ಷ ತಂಗಿ ಕೂತಿದ್ದ ಆಟೋ ಮಗುಚಿ ಅವಳ ಸೊಂಟದ ಮೂಳೆ ಮುರಿಯಿತು. ಅವತ್ತಿನಿಂದ ಹುಡುಗಿಗೆ ಒಂದೇ ಹಟ, ಅಮ್ಮನಿಗೆ ಏನೂ ಆಗದಂಥ ಗಾಡಿ ಬೇಕು. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು, ಯಾವ ಗಾಡಿ ಗೋಡೆಗೆ ಗುದ್ದಿದರೆ ಒಳಗಿದ್ದವರು ಉಳಿಯುತ್ತಾರೆ ಅಂತ ಹುಡುಕಿದಳಂತೆ.

ನನಗೆ ಉರಿದದ್ದು ಅಲ್ಲೇ. ನಮ್ಮ ವಿಜಯವಾಡದ ಪಟಮಟದಲ್ಲಿ ಸಿಟಿ ಬಸ್ಸಿನಿಂದ ಇಳಿಯುವಾಗ ಬಿದ್ದು ನಾನೂ ಕೈ ಮುರಿದುಕೊಂಡವಳೇ. ನನ್ನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಅವರು ಅವತ್ತು ಹೇಳಿದ್ದು ಒಂದೇ ಮಾತು, "ಬಸ್ಸು ನಿಂತ ಮ್ಯಾಲೆ ಇಳೀಬೇಕು." ನನ್ನ ಸಲುವಾಗಿ ಯಾರೂ ಯಾವ ಗೋಡೆಗೂ ಏನೂ ಗುದ್ದಿಸಿ ನೋಡಲಿಲ್ಲ.

ಹೋಗಿ ನೋಡಿದರೆ ಗಾಡಿ ಎಮ್ಮೆಯಷ್ಟು ಕಪ್ಪು, ಎಮ್ಮೆಗಿಂತ ಹೊಳಪು. ಮನೆಯ ಗೋಡೆಗೆ ವೈರು ಚುಚ್ಚಿ ಬ್ಯಾಟರಿ ತುಂಬಿಸುತ್ತಾರೆ, ಅದು ಮುಗಿದರೆ ಪೆಟ್ರೋಲಿನಲ್ಲಿ ಓಡುತ್ತದೆ. ಮುಂದೆ ಮೂಗಿನ ಮೇಲೆ ಅಂಗೈ ಅಗಲದ ಕಂಪನಿ ಗುರುತು. ನನ್ನನ್ನು ನೋಡಿ ನಗುವ ಹಾಗೆ ಇತ್ತು ಅದು.

ಹುಡುಗಿ ಫೋನಿನಲ್ಲಿ ಗಾಡಿ ಗುದ್ದಿಸುವುದನ್ನು ತೋರಿಸಿದಳು. ಒಳಗೆ ಗೊಂಬೆಗಳು. ಗುದ್ದಿದ ಕೂಡಲೇ ಬಿಳೀ ಚೀಲ ಉಬ್ಬಿ ಗೊಂಬೆಗಳ ತಲೆ ಅದರಲ್ಲಿ ಹೂತುಹೋಯಿತು.

"ಐದಕ್ಕೆ ಐದು ಸ್ಟಾರ್, ಪೆದ್ದಮ್ಮಾ." ಅವಳ ಬಾಯಿಗೆ ದೊಡ್ಡಮ್ಮ ಬರುವುದಿಲ್ಲ, ತೆಲುಗಿನಲ್ಲಿ ಬೆಳೆದವಳು.

ನನಗೆ ಓದು ಮೂರನೇ ಕ್ಲಾಸು. ಆದರೆ ಡ್ರೈವರನ ಹೆಂಡತಿ. "ಗುದ್ದಿಸಿದ್ದು ವೈರು ಚುಚ್ಚೋ ಗಾಡೀನೋ, ಬರೇ ಪೆಟ್ರೋಲಿಂದೋ?" ಅಂತ ಕೇಳಿದೆ.

ಅವಳು ಫೋನು ಉಜ್ಜಿ ಉಜ್ಜಿ ಹುಡುಕಿದಳು. "ಪೆಟ್ರೋಲಿಂದು. ಆದರೆ ಎರಡಕ್ಕೂ ಅದೇ ಸ್ಟಾರ್ ಅಂತ ಬರೆದಿದ್ದಾರೆ."

"ಅಷ್ಟು ಭಾರದ ಬ್ಯಾಟರಿ ಹೊತ್ತಿದ್ದನ್ನ ಗುದ್ದಿಸೇ ಇಲ್ಲ ಅನ್ನು. ಹಿಂದೆ ಕೂತ ಮುದುಕಿಗೆ ಏನಾತು?"

"ಹಿಂದೆ ಮಕ್ಕಳ ಗೊಂಬೆ ಕೂರಿಸಿದ್ದಾರೆ."

"ಮುದುಕಿ ಗೊಂಬೆ ಇಲ್ಲೇನು? ಮತ್ತ ನಿಮ್ಮವ್ವನ ಗತಿ ಯಾರು ನೋಡಿದ್ರು?"

ತಂಗಿ ಒಳಗಿನಿಂದ ಕೂಗಿದಳು. "ಅಕ್ಕಾ, ಗಾಡಿ ನೋಡಾಕ ಬಂದೀಯೋ, ಹೆಣ್ಣು ನೋಡಾಕ ಬಂದೀಯೋ? ಒಂದರ ಒಳ್ಳೇ ಮಾತು ಹೇಳು."

"ಬಾಗಲಾ ಚಲೋ ಮುಚ್ಚತೈತಿ," ಅಂದೆ.

ಇದೇ ನಮೂನೆಯ ಕೆಲವು ಗಾಡಿಗಳನ್ನು ಕಂಪನಿಯವರೇ ವಾಪಸ್ ಕರೆಸಿ ಬ್ಯಾಟರಿ ಸರಿಮಾಡಿ ಕೊಟ್ಟಿದ್ದಾರೆ, ನಮ್ಮ ನಂಬರು ಅದರಲ್ಲಿಲ್ಲ ಅಂತಲೂ ಹುಡುಗಿಯೇ ಹೇಳಿದಳು. ಮುಚ್ಚಿಟ್ಟಿದ್ದರೆ ಹಿಡಿಯಬಹುದಿತ್ತು. ಹೇಳಿಬಿಟ್ಟಳಲ್ಲ ಅಂತ ಮತ್ತಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಸಿಂಹಾಚಲಂ ಗುಡ್ಡದ ಗುಡಿಯಲ್ಲಿ ಗಾಡಿಗೆ ಪೂಜೆ, ಅಲ್ಲಿಂದ ನೇರ ವಿಜಯವಾಡಕ್ಕೆ ನನ್ನನ್ನು ಬಿಡುವುದು ಅಂತ ಆಯಿತು. ಅರ್ಚಕರು ಅರಿಶಿನ, ಗಂಧ, ಕುಂಕುಮದ ತಟ್ಟೆ ಚಾಚಿದರು. ತಂಗಿ ಹಿಂದೆ ಸರಿದಳು. "ನೀನು ಮುತ್ತೈದೆ ಅಕ್ಕಾ, ನೀನೇ ಹಚ್ಚು." ಅವಳ ಹತ್ತಿರ ಇಲ್ಲದ್ದು ನನ್ನ ಹತ್ತಿರ ಅದೊಂದೇ. ಮನೆಯಲ್ಲಿ ಟೀವಿ ಮುಂದೆ ಕೂತಿರುವ ಗಂಡ.

ಅರಿಶಿನಕ್ಕೆ ಗಂಧ ಕಲಸಿ, ಆ ಕಂಪನಿ ಗುರುತು ಮುಚ್ಚಿಹೋಗುವ ಹಾಗೆ ಬೆರಳು ದಪ್ಪ ಮೆತ್ತಿದೆ. ಮೇಲೆ ಕುಂಕುಮ ಇಟ್ಟೆ. ಚೆಂಡುಹೂವಿನ ಹಾರವನ್ನೂ ಅದರ ಮೇಲೇ ಇಳಿಬಿಟ್ಟೆ. ನೋಡಿದವರು ಭಕ್ತಿ ಅಂದುಕೊಂಡರು.

ದಾರಿಯಲ್ಲಿ ಅನಕಾಪಲ್ಲಿ ದಾಟಿದ ಮೇಲೆ ಗಾಡಿ ಟಿಣ್ ಟಿಣ್ ಅಂತು. ಮುಂದಿನ ಪರದೆಯಲ್ಲಿ ಹಳದಿ ಅಕ್ಷರ ಬಂತು. ಹುಡುಗಿ ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದಳು. ಅಡ್ಡ ಯಾರಾದರೂ ಬಂದರೆ ಗಾಡಿ ತಾನೇ ಬ್ರೇಕ್ ಹಾಕುತ್ತದಂತೆ, ಅದು ಈಗ ಕೆಲಸ ಮಾಡುತ್ತಿಲ್ಲವಂತೆ.

ತಂಗಿ ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು. "ದೇವರ ಗುಡ್ಡ ಇಳಿದ ಕೂಡ್ಲೇ ಹಿಂಗಾತಲ್ಲ! ಇದು ಅಪಶಕುನ. ನಾನು ಇನ್ನ ಈ ಗಾಡ್ಯಾಗ ಕೂರಂಗಿಲ್ಲ. ವಾಪಸ್ ಕೊಟ್ಟುಬಿಡು, ನನಗ ಆಟೋನೇ ಸಾಕು."

"ನಾನು ಎಲ್ಲಾ ನೋಡೇ ತಗೊಂಡೆ," ಅಂದಳು ಹುಡುಗಿ. ಗಾಡಿಯ ಪುಸ್ತಕ ತೆಗೆದು ಓದಿದಳು. "ಅಡ್ಡ ಬಂದವರನ್ನು ನೋಡೋ ಇದರ ಕಣ್ಣು, ಮುಂದಿನ ಆ ಕಂಪನಿ ಗುರುತಿನ ಹಿಂದೆ ಇರುತ್ತಂತೆ. ಕಲ್ಲು ಬಡಿದು ಒಡೆದಿರಬೇಕು."

ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ನಾನು ರೈಲು ಹತ್ತಿದ್ದು ಇದಕ್ಕೇ ಅಲ್ಲವೇ? ಆಮೇಲೆ ಯಾರು ಒರೆಸಿ ಸರಿಮಾಡಿದರೂ, ಒಮ್ಮೆ ಅಪಶಕುನ ಅಂದಮೇಲೆ ತಂಗಿ ಹತ್ತುವವಳಲ್ಲ. ಆಟೋದಲ್ಲೇ ಓಡಾಡುತ್ತಾಳೆ, ಆ ಸೊಂಟ ಇಟ್ಟುಕೊಂಡು. ಆ ಸೊಂಟ ನೆನಪಾದದ್ದೇ ತಪ್ಪಾಯಿತು.

ನೀರಿನ ಬಾಟಲಿ ಹಿಡಿದು ಇಳಿದೆ. ಹಾರ ಕಿತ್ತು ಎಸೆದು, ಸೆರಗು ನೆನೆಸಿ ಒರೆಸತೊಡಗಿದೆ. ಗಂಧ ಸಿಮೆಂಟಿನ ಹಾಗೆ ಹಿಡಿದಿತ್ತು, ಉಗುರಿನಿಂದ ಕೆರೆದೆ.

"ದೇವರ ಗಂಧ ಯಾಕ ಒರೆಸ್ತೀಯೇ?" ಅಂತ ತಂಗಿ ಕಿಟಕಿಯಿಂದ ಕಿರುಚಿದಳು.

"ಶಕುನಾನೂ ಇಲ್ಲ, ಕಲ್ಲೂ ಇಲ್ಲ. ನಾನೇ ಮೆತ್ತಿದ್ದು. ಈ ಗುರುತು ಕಾಣಬಾರದು ಅಂತ ಮೆತ್ತಿದ್ದೆ."

"ಯಾಕ ಕಾಣಬಾರದು?"

"ಕಂಡ್ರ ಉರೀತಿತ್ತು."

ತಂಗಿ ಕಿಟಕಿಯಿಂದ ಬಗ್ಗಿ ನನ್ನ ಹಳದಿ ಉಗುರು ನೋಡಿದಳು. ಆಮೇಲೆ ತಂಗಿ ಅಂದಳು, "ಬಾಗಲಕ್ಕರ ಹಚ್ಚಬೇಕಾಗಿತ್ತಲ್ಲ? ಅದು ಚಲೋ ಮುಚ್ಚತೈತಿ ಅಂದಿದ್ದಿ."

ಹುಡುಗಿ ಗಾಡಿ ಬಿಟ್ಟಳು. ಸ್ವಲ್ಪ ದೂರ ಹೋಗುವುದರಲ್ಲಿ ಹಳದಿ ಅಕ್ಷರ ಆರಿತು. ತಂಗಿ ಇಳಿಯುತ್ತೇನೆ ಅನ್ನಲಿಲ್ಲ. ಮುಂದೆ ಟೀಗೆ ನಿಂತು ಮತ್ತೆ ಹತ್ತಿದಾಗ ಅವಳೇ ಮೊದಲು ಹತ್ತಿ ಬೆಲ್ಟ್ ಎಳೆದುಕೊಂಡಳು.

ಹುಡುಗಿ ಹಿಂದಕ್ಕೆ ಬಾಗಿ ತಾಯಿಯ ಬೆಲ್ಟ್ ಜಗ್ಗಿ ನೋಡಿದಳು. ಆಮೇಲೆ ನನ್ನದನ್ನೂ ಜಗ್ಗಿ ನೋಡಿದಳು. ತಾಯಿಯದನ್ನು ಎರಡು ಸಲ, ನನ್ನದನ್ನು ಒಂದು ಸಲ. ನಾನು ಎಣಿಸಿದೆ.