ಪಿಸಿಲಾ ಕೂದಲು ಉಳಿಸಿಕೊಂಡದ್ದು

ತಿಮಿಂಗಿಲ ನೋಡಲೆಂದು ವವಾವು ದ್ವೀಪಕ್ಕೆ ಬಂದವರು ಪಿಸಿಲಾಳ ಕೂದಲನ್ನು ನೋಡದೆ ಹೋಗುತ್ತಿರಲಿಲ್ಲ. ಮೊಣಕಾಲು ಮುಟ್ಟುವ ಕೂದಲು. ಬುಧವಾರ, ಶನಿವಾರ ಸಂಜೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಇಳಿಬಿಟ್ಟು ಹೋಟೆಲಿನಲ್ಲಿ ಕುಣಿಯುತ್ತಿದ್ದಳು. ದೋಣಿಕಟ್ಟೆಯ ಫಲಕದ ಮೇಲೂ ಅವಳದೇ ಚಿತ್ರ. ಮುಖ ಅರ್ಧ, ಕೂದಲು ಪೂರ್ತಿ. ಮನೆಯ ಒಲೆ ಉರಿಯುತ್ತಿದ್ದದ್ದು ಆ ಕುಣಿತದಿಂದಲೇ.

ತಿಮಿಂಗಿಲಗಳು ಬರತೊಡಗಿದ ತಿಂಗಳಲ್ಲೇ ಅಪ್ಪ ಕೆಪು ತೀರಿಕೊಂಡ. ಅಪ್ಪ ಸತ್ತರೆ ಮಗಳ ಕೂದಲು ಉಳಿಯುವಂತಿಲ್ಲ. ಅದಕ್ಕೆ ಕತ್ತರಿ ಹಾಕುವ ಹಕ್ಕು ಅಪ್ಪನ ಅಕ್ಕನದು. ಮಣ್ಣು ಮಾಡಿದ ಮರುದಿನ ವೈಸಿಮಾ ಅತ್ತೆ ಕತ್ತರಿ ಹಿಡಿದು ಕೂತಳು. ಸೂತಕದ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಎದುರಿಗೆ ಬಂದ ಪಿಸಿಲಾ ತಲೆ ಬಗ್ಗಿಸಲೇ ಇಲ್ಲ.

"ಅತ್ತೆ, ಇನ್ನೊಂದು ಮೂರು ತಿಂಗಳು ಬಿಡಿ. ಸೀಸನ್ ಮುಗೀಲಿ. ಕೂದಲಿಲ್ಲ ಅಂದ್ರೆ ಬೇರೆಯವಳನ್ನ ಕುಣಿಸ್ತೀನಿ ಅಂತಾನೆ ಮ್ಯಾನೇಜರ್."

"ಅವನಪ್ಪ ಸತ್ರೂ ಸೀಸನ್ ನೋಡ್ಕೊಂಡೇ ಅಳ್ತಾನೇನೇ?"

ಸುತ್ತಲಿದ್ದ ಹೆಂಗಸರು ನಕ್ಕರು. ಪಿಸಿಲಾ ನಗಲಿಲ್ಲ. ಅತ್ತೆ ಅವಳ ಮುಖ ನೋಡಿ ಕತ್ತರಿಯನ್ನು ಬದಿಗಿಟ್ಟಳು.

"ನನ್ನ ತಮ್ಮ ಮುದ್ದು ಮಾಡಿ ನಿನ್ನ ಕೆಡಿಸಿದ, ಈಗ ನಾನೂ ಕೆಡಿಸ್ತಿದ್ದೀನಿ. ತಿಮಿಂಗಿಲ ವಾಪಸ್ ಹೋದ್ಮೇಲೆ ನೀನೇ ಬರ್ಬೇಕು. ಮರೀಬೇಡ."

ಅತ್ತೆಯ ಕರುಣೆಯೇ ಮುಳುವಾಯಿತು. ಪಿಸಿಲಾ ಹೋಟೆಲಿನ ಹಿಂಬಾಗಿಲಲ್ಲಿ ಚಾಪೆ ಬಿಚ್ಚಿಟ್ಟು, ಹೂ ಮುಡಿದು ಕುಣಿದಳು. ಪ್ರವಾಸಿಗಳು ಅಲ್ಲಿಯ ರೂಢಿಯಂತೆ ಎಣ್ಣೆ ಹಚ್ಚಿದ ಅವಳ ತೋಳಿಗೆ ಮೆಚ್ಚುಗೆಯ ನೋಟು ಅಂಟಿಸಿ ಚಪ್ಪಾಳೆ ತಟ್ಟಿದರು. ಚರ್ಚಿನಲ್ಲಿ ಮಾತ್ರ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಪ್ಪನನ್ನು ನೆನೆದು ದುಃಖ ಉಕ್ಕಿ ಬಂದರೂ, ಯಾವ ಮುಖ ಇಟ್ಟುಕೊಂಡು ಅಳಲಿ ಎಂದು ನುಂಗಿಕೊಳ್ಳುತ್ತಿದ್ದಳು.

ಅಕ್ಟೋಬರಿನಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ನೆನಪು ಅಲ್ಲಲ್ಲಿ ಹರಿದುಹೋಯಿತು. ತಿಮಿಂಗಿಲಗಳೆಲ್ಲ ಹೊರಟುಹೋದ ವಾರ ಪಿಸಿಲಾ ಅವಳ ಮಂಚದ ಬಳಿ ಮಂಡಿಯೂರಿ, ಬೆನ್ನು ತಿರುಗಿಸಿ ಕೂದಲು ಹರವಿದಳು.

"ಬಂದಿದ್ದೀನಿ ಅತ್ತೆ. ಕತ್ತರಿಸಿ."

ಅತ್ತೆ ಸ್ವಾಧೀನವಿದ್ದ ಒಂದೇ ಕೈಯಿಂದ ಕೂದಲನ್ನು ಮೇಲಿಂದ ಕೆಳಗೆ ನೇವರಿಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.

"ಕೆಪು ಮಗಳಲ್ವೇನೇ ನೀನು? ಕೂದಲು ಹಾಗೇ ಇದೆಯಲ್ಲೇ! ಅಂದ್ರೆ ನನ್ನ ತಮ್ಮ ಬದುಕಿದಾನೆ. ಸತ್ತುಹೋದ, ಸತ್ತುಹೋದ ಅಂತ ಇವ್ರೆಲ್ಲ ನಂಗೆ ಸುಳ್ಳು ಹೇಳ್ತಾರೆ ಕಣೇ."

ಪಿಸಿಲಾ ತಿರುಗಿ ನೋಡಿದಳು. ಅತ್ತೆ ಉತ್ತರಕ್ಕೆ ಕಾಯುತ್ತಿದ್ದಳು.

"ಹೂಂ ಅತ್ತೆ," ಎಂದಳು. "ಸುಳ್ಳು ಹೇಳ್ತಾರೆ."