ಅಳಿಲಿಗೆ ಇಟ್ಟ ಬೋನು

ಕಳೆದ ಶನಿವಾರ ನನ್ನ ಕೈಯಿಂದ ಒಂದು ಕೊಲೆ ಆಗುವುದರಲ್ಲಿತ್ತು. ಅದೂ ಪರಿಸರ ಕಾಪಾಡಲು ಹೋಗಿ!

ಮಿರ್ದಿಫ್‌ನ ನಮ್ಮ ವಿಲ್ಲಾದ ಹಿತ್ತಿಲಿಗೆ ಅಳಿಲೊಂದು ಸೇರಿಕೊಂಡಿತ್ತು. ಈ ಅರಬ್ ಮರಳುಗಾಡಿನದ್ದಲ್ಲ. ಯಾರೋ ಸಾಕಲು ತಂದು ಬಿಟ್ಟ ಇಂಡಿಯಾದ್ದು. ಎಸಿ ಪೈಪಿನ ಸ್ಪಂಜು ಕಿತ್ತಿತು, ಸುಮ್ಮನಿದ್ದೆ. ಬೇಲಿಯ ಗೂಡಿನಲ್ಲಿದ್ದ ಹಕ್ಕಿಮೊಟ್ಟೆಗೆ ಬಾಯಿ ಹಾಕಿದಾಗ ನನ್ನೊಳಗಿನ ಪರಿಸರವಾದಿ ಎದ್ದು ನಿಂತಳು.

"ರಾಮ ಬೆನ್ನು ಸವರಿದ ಪ್ರಾಣಿ ಮಾರಾಯ್ತಿ," ಎಂದರು ನನ್ನ ಗಂಡ ದಿನೇಶ್.

"ರಾಮ ಸವರಿದ್ದು ಮೂರು ಬೆರಳಲ್ಲಿ. ಇದಕ್ಕೆ ಐದು ಗೆರೆ ಉಂಟು, ನೋಡಿ." (ವಾದದಲ್ಲಿ ನಾನು ಸೋತದ್ದು ಕಡಿಮೆ.)

ಪೆಸ್ಟ್ ಕಂಟ್ರೋಲ್‌ನ ಮಲಯಾಳಿ ಹುಡುಗ ಶಾಜಿ ತಂತಿಯ ಬೋನಿಟ್ಟ. ಒಳಗೆ ಪೀನಟ್ ಬಟರ್. "ಅಳಿಲು ಓಡಾಡುವುದು ಹಗಲಲ್ಲಿ ಮಾತ್ರ, ಚೇಚಿ. ಗಂಟೆಗೊಮ್ಮೆ ನೋಡಿ. ಸಂಜೆ ಬಾಗಿಲು ಮುಚ್ಚಲೇಬೇಕು, ಇಲ್ಲದಿದ್ದರೆ ಬೇರೆ ಜೀವ ಬೀಳುತ್ತದೆ."

ಗಂಭೀರವಾಗಿ ತಲೆಯಾಡಿಸಿದೆ. ‘ಸೇವಿಂಗ್ ಲೋಕಲ್ ಬರ್ಡ್ಸ್’ ಎಂದು ಸ್ಟೇಟಸ್ಸೂ ಹಾಕಿದೆ. ಶುಕ್ರವಾರ ಸಂಜೆ ಅಲ್ ಕುಸೈಸ್‌ನಲ್ಲಿ ಗೆಳತಿಯ ಮನೆ ಊಟಕ್ಕೆ ಹೊರಟೆವು. ಬೋನಿನ ಬಾಗಿಲು? ನೆನಪೇ ಆಗಲಿಲ್ಲ.

ಮರುದಿನ ಎದ್ದದ್ದು ಒಂಬತ್ತಕ್ಕೆ. ಹಿತ್ತಿಲಿಂದ ಮಗಳು ಅನ್ವಿ ಕಿರುಚಿದಳು: "ಅಮ್ಮಾ, ಇಟ್ಸ್ ನಾಟ್ ಅ ಸ್ಕ್ವಿರಲ್!"

ಒಳಗಿದ್ದದ್ದು ಮುಳ್ಳಿಲಿ. ಇದೇ ಮರಳಲ್ಲಿ ಹುಟ್ಟಿದ, ರಾತ್ರಿ ಹುಳ ಹುಡುಕಿ ತಿನ್ನುವ, ಅಂಗೈಯಷ್ಟಿನ ಪ್ರಾಣಿ. ಜೂನ್ ಬಿಸಿಲು ನೇರ ಬೋನಿನ ಮೇಲೆ. ತಂತಿಗೆ ತಿಕ್ಕಿ ತಿಕ್ಕಿ ಮೂತಿಯಲ್ಲಿ ರಕ್ತ. ಮುಳ್ಳು ನಿಗುರಿಸಿ ಉಂಡೆಯಾಗುವಷ್ಟೂ ತ್ರಾಣವಿರಲಿಲ್ಲ.

ಶಾಜಿಗೆ ಫೋನ್ ಮಾಡಿದೆ. "ಮೈಮೇಲೆ ನೀರು ಸುರಿಯಬೇಡಿ. ನೆರಳಿಗೆ ತನ್ನಿ, ಬಾಗಿಲು ತೆಗೆಯಿರಿ, ತಟ್ಟೆಯಲ್ಲಿ ನೀರಿಟ್ಟು ದೂರ ಹೋಗಿ." ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಡುಗೆಮನೆ ಕಿಟಕಿಯಲ್ಲಿ ಮೂವರೂ ನಿಂತೆವು. ತಿಂಡಿ ಯಾರಿಗೂ ಬೇಡ. (ಗೋಡೆಯ ಮೇಲೆ ಕುಳಿತ ಅಳಿಲು ಮಾತ್ರ ಏನನ್ನೋ ಮೆಲ್ಲುತ್ತಿತ್ತು.)

"ಡಿಡ್ ಯೂ ಫರ್ಗೆಟ್, ಅಮ್ಮಾ?"

"ಹೂಂ." ಈ ಸಲ ಸೋತೆ.

ಮುಳ್ಳಿಲಿ ಮುಕ್ಕಾಲು ಗಂಟೆ ಹಾಗೇ ಬಿದ್ದಿತ್ತು. ಕೊನೆಗೆ ಮೂತಿ ನಿಧಾನ ತಟ್ಟೆಯತ್ತ ಸರಿಯಿತು. ಕುಡಿಯಿತು! ಮತ್ತೊಮ್ಮೆ ಕುಡಿಯಿತು. ತೂರಾಡುತ್ತ ಬೋಗನ್‌ವಿಲ್ಲಾ ಪೊದೆಯಡಿ ನುಗ್ಗಿತು. ಆಮೇಲಷ್ಟೇ ದಿನೇಶ್ ಚಹಾಕ್ಕೆ ನೀರಿಟ್ಟರು.

ಅಂದೇ ಬೋನು ನೆರಳಿಗೆ ಹೋಯಿತು. ಸಂಜೆ ಆರಕ್ಕೆ ಫೋನಿನಲ್ಲಿ ಅಲಾರಂ ಇಟ್ಟೆವು, ಬಾಗಿಲು ಮುಚ್ಚುವ ಡ್ಯೂಟಿ ಅನ್ವಿಯದಾಯಿತು. (ನನ್ನ ಮೇಲೆ ಯಾರಿಗೂ ನಂಬಿಕೆಯಿಲ್ಲ.) ಬುಧವಾರ ಅಳಿಲೂ ಸಿಕ್ಕಿತು. ಶಾಜಿ ಒಯ್ದ.

ಗೊತ್ತಿದ್ದವರೆಲ್ಲ ಕಂಗ್ರಾಟ್ಸ್ ಹೇಳುತ್ತಿದ್ದಾರೆ. ಬೇರೆ ಯಾರೂ ಬೀಳಲಿಲ್ಲ ತಾನೇ ಎಂದು ಒಬ್ಬರಾದರೂ ಕೇಳಬಾರದೇ?